ಕುರ್ಚಿ ಹೊರಗಿಡುವ ಸಂಘಮಿತ್ರಾ

ಸಾರವಾಡದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಜಯಪುರದಿಂದ ಬಂದ ಮೊದಲ ಬಸ್ಸು ಒಬ್ಬರೇ ಹೆಂಗಸನ್ನು ಇಳಿಸಿ ಮುಂದೆ ಹೋಗುತ್ತದೆ. ಅವರ ಹೆಗಲಿನ ಚೀಲದಲ್ಲಿ ಹಳೆಯ ಸೀರೆ ಹರಿದು ಮಾಡಿದ ಪಟ್ಟಿಗಳು, ಒಂದು ಟವೆಲ್ಲು, ಬುತ್ತಿ ಇವೆ. ಹನಮವ್ವನ ಮನೆಯ ಬಾಗಿಲು ತೆರೆದೇ ಇರುತ್ತದೆ. ಸಂಘಮಿತ್ರಾ ಒಳಗೆ ಹೋದವರೇ ಪಡಸಾಲೆಯಲ್ಲಿರುವ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ ತಂದು ಅಂಗಳದಲ್ಲಿ ಬೋರಲು ಹಾಕುತ್ತಾರೆ. ಕುರ್ಚಿಯ ಬೆನ್ನಿನ ಮೇಲೆ ದಾನಿಗಳ ಸಂಘದ ಹೆಸರು ದಪ್ಪ ಅಕ್ಷರಗಳಲ್ಲಿದೆ. ಬೋರಲು ಬಿದ್ದಾಗ ಆ ಹೆಸರು ಮಣ್ಣಿಗೆ ತಾಗುತ್ತದೆ. ಅದಕ್ಕಾಗಿ ಅವರಿಗೆ ಎಳ್ಳಷ್ಟೂ ಬೇಸರವಿಲ್ಲ.

ಒಳಗೆ, ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಒಂದು ಚಪ್ಪಟೆ ಕಲ್ಲಿದೆ. ಮೊದಲು ಅಲ್ಲಿ ಕಲ್ಲುಗಳ ರಾಶಿಯೇ ಇತ್ತು, ಹೆಚ್ಚುಕಡಿಮೆ ಕುರ್ಚಿಯಷ್ಟೇ ಎತ್ತರ. ಮೊಣಕಾಲು ಬಿಗಿದುಕೊಂಡಿರುವ ಹನಮವ್ವ ಚೌಕಟ್ಟು ಹಿಡಿದು ಮೆಲ್ಲಗೆ ಕೆಳಗಿಳಿದು ಅದರ ಮೇಲೆ ಕೂರಬೇಕು, ಮತ್ತೆ ಏಳಬೇಕು. ಮೊಣಕಾಲು ಒಂದಿಷ್ಟು ಬಗ್ಗಿತು ಎಂದರೆ ಒಂದು ಕಲ್ಲು ತೆಗೆಯಬೇಕು. ಹಾಗೆ ತೆಗೆಯುತ್ತ ತೆಗೆಯುತ್ತ ಉಳಿದಿರುವುದು ಇದೊಂದೇ. ಇದು ಮಾತ್ರ ಎಷ್ಟೋ ವಾರಗಳಿಂದ ಅಲ್ಲೇ ಠಿಕಾಣಿ ಹೂಡಿದೆ. ಈ ಕಲ್ಲು ಹೋದರೆ ಹನಮವ್ವ ಕುಕ್ಕರಗಾಲಿನಲ್ಲಿ ಕೂರಬಲ್ಲರು. ಹೋಗದಿದ್ದರೆ ಅವರ ಪಾಲಿಗೆ ಉಳ್ಳಾಗಡ್ಡಿ ಹೊಲದ ಕೂಲಿಯೂ ಇಲ್ಲ, ಇನ್ನೂ ಏನೇನೋ ಇಲ್ಲ.

ಸಂಘಮಿತ್ರಾ ಫಿಜಿಯೋಥೆರಪಿಸ್ಟ್. ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲ್ವೆ ಹಳಿಯ ಸಪ್ಪಳದಲ್ಲೇ ಬೆಳೆದವರು. ನರ್ಸ್ ಆಗಬೇಕೆಂದು ಹೊರಟಿದ್ದರು, ಸಿಕ್ಕಿದ್ದು ಈ ಓದು. ತಾಯಿ ಆಮ್ರಪಾಲಿ ಇವತ್ತಿಗೂ ನೆಂಟರ ಮುಂದೆ ಮಗಳನ್ನು ನೋವು ತಿಕ್ಕಿ ಕಳೆಯುವ ಡಾಕ್ಟರ್ ಎಂದೇ ಪರಿಚಯಿಸುತ್ತಾರೆ. ಹಳ್ಳಿಗಳಲ್ಲಿ ಅವರ ಹೆಸರು ಇನ್ನೂ ನೇರ, ‘ಕಾಲ ಮಡಚೋ ಬಾಯಾರು’, ಅಂದರೆ ಕಾಲು ಮಡಚಿಸುವ ಮೇಡಂ. ಹಗಲು ಜೋರಾಪುರ ಪೇಟೆಯ ಸಣ್ಣ ಚಿಕಿತ್ಸಾಲಯವೊಂದರಲ್ಲಿ ನೌಕರಿ. ಅದು ತೆರೆಯುವ ಮುನ್ನ ಒಂದು ದಿನ ಸಾರವಾಡ, ಒಂದು ದಿನ ಬಬಲೇಶ್ವರದ ಕಡೆಯ ಊರುಗಳು, ಇನ್ನೊಂದು ದಿನ ತಿಕೋಟಾ. ಸದ್ಯಕ್ಕೆ ಹತ್ತು ಹನ್ನೆರಡು ಮಂದಿ ಇವರ ಬಸ್ಸಿನ ದಾರಿ ಕಾಯುತ್ತಾರೆ.

ಇವರೆಲ್ಲ ಮಳೆ ಮುರಿದು ಹಾಕಿದ ಜನ. ಹೋದ ಮಳೆಗಾಲದಲ್ಲಿ ಡೋಣಿ ನದಿ ಉಕ್ಕಿದಾಗ ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದು ಊಟ, ಹಾಸಿಗೆ ಕೊಟ್ಟಿದ್ದರು. ನೀರು ಇಳಿದಿದ್ದೇ ತಡ, ಎಲ್ಲರೂ ಮನೆಗೆ ನಡೆಯಿರಿ ಎಂದರು. ನೆನೆದು ನಿಂತಿದ್ದ ಕಲ್ಲುಮಣ್ಣಿನ ಗೋಡೆಗಳು ಬೀಳತೊಡಗಿದ್ದು ಆಮೇಲೆ. ಹನಮವ್ವ ತೋಯ್ದ ಜೋಳವನ್ನು ಬಿಸಿಲಿಗೆ ಹಾಕಲು ತೆಗೆಯುತ್ತಿದ್ದಾಗ ಹಿತ್ತಲ ಗೋಡೆ ಕುಸಿದು ಮೊಣಕಾಲ ಕೆಳಗಿನ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಎಲುಬು ಕೂಡಿಸಿದರು. ಪಟ್ಟಿ ಬಿಚ್ಚಿದ ದಿನ ಅವರು ಕೋಲೂರಿಕೊಂಡು ನಾಲ್ಕು ಹೆಜ್ಜೆ ನಡೆದರು. ಅಷ್ಟಕ್ಕೇ ‘ಗುಣಮುಖ’ ಎಂದು ಬರೆದು ಮನೆಗೆ ಕಳಿಸಿದರು.

ಗುಣಮುಖ ಎಂದರೆ ಏನು? ಗೋಡೆ ಬಿದ್ದದ್ದನ್ನು ಬಂದು ಅಳೆಯುತ್ತಾರೆ. ಎಮ್ಮೆ ಸತ್ತರೆ ಪಂಚನಾಮೆ ಆಗುತ್ತದೆ. ಮನುಷ್ಯರು ಸತ್ತರಂತೂ ದೊಡ್ಡವರೆಲ್ಲ ಮನೆಬಾಗಿಲಿಗೆ ಬಂದು ಹೋಗುತ್ತಾರೆ. ಬದುಕಿ ಉಳಿದು ಮೊಣಕಾಲು ಮಡಚಲಾಗದ ಹೆಂಗಸನ್ನು ಮಾತ್ರ ಯಾರೂ ಯಾವ ಲೆಕ್ಕಕ್ಕೂ ಹಿಡಿಯುವುದಿಲ್ಲ. ಎಲುಬು ಕೂಡಿತು, ನಡೆದಳು, ಮುಗಿಯಿತು. ನೆಲದ ಮೇಲೆ ಉಂಡು, ನೆಲದ ಮೇಲೆ ದುಡಿದು, ನೆಲದ ಮೇಲೆ ಮಲಗುವ ಜನರ ಕಾಲು ಎಷ್ಟು ಬಗ್ಗಬೇಕು ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಪುರುಸೊತ್ತು ಇದ್ದದ್ದು ಕುರ್ಚಿ ಹಂಚಲು. ಪೆಂಡಾಲು ಹಾಕಿ, ಮೈಕು ಕಟ್ಟಿ, ಗಾಯಾಳುಗಳನ್ನು ಸಾಲಾಗಿ ಕೂರಿಸಿ ಫೋಟೊ ತೆಗೆದು ಒಬ್ಬೊಬ್ಬರಿಗೂ ಒಂದೊಂದು ಕೆಂಪು ಕುರ್ಚಿ ಕೊಟ್ಟರು. ಹನಮವ್ವನ ಮಗ ರಾಜಾರಾಮ ಟ್ರ್ಯಾಕ್ಟರ್ ಓಡಿಸುತ್ತಾನೆ, ತಾಯಿ ಎಂದರೆ ಜೀವ. ಕುರ್ಚಿ ಬಂದ ಮೇಲೆ ಅವನು ಒಲೆಯನ್ನೂ ಕಟ್ಟೆಯ ಮೇಲೇರಿಸಿದ. ರೊಟ್ಟಿ ಬಡಿಯಲು ಮೇಜು ತಂದ. ತಾಯಿ ಬಗ್ಗದಂತೆ ಮನೆಯನ್ನೆಲ್ಲ ಎತ್ತರಿಸಿ ಇಟ್ಟ. ಓಣಿಯವರು ಇಂಥ ಮಗ ಸಿಗಬೇಕು ಎಂದು ಹೊಗಳಿದರು. ಆ ಅಕ್ಕರೆಯಲ್ಲೇ ಮೊಣಕಾಲು ದಿನದಿನಕ್ಕೂ ಬಿಗಿಯುತ್ತ ಹೋಯಿತು.

ನಗರದ ಪರಿಹಾರ ಸಂಸ್ಥೆಯೊಂದು ಗಾಯಾಳುಗಳನ್ನು ನೋಡಿಕೊಳ್ಳಲು ಸಂಘಮಿತ್ರಾ ಅವರನ್ನು ನೇಮಿಸಿ ಸಾರವಾಡಕ್ಕೆ ಕಳಿಸಿದ್ದು ಇದೆಲ್ಲ ಆದ ಮೇಲೆ. ಮೊದಲ ದಿನ ಅವರು ಕುರ್ಚಿ ಎತ್ತಿ ಹೊರಗಿಟ್ಟಾಗ ರಾಜಾರಾಮ ಕೆರಳಿ ಅಡ್ಡ ನಿಂತ. ‘ನಮ್ಮವ್ವಗ ಕುರ್ಚಿ ಬ್ಯಾಡ ಅನ್ನಾಕ ನೀವ್ಯಾರ್ರಿ? ಜಲಮೆಲ್ಲ ನೆಲದಾಗ ಕುಂತು ದುಡದಾಳ. ಇನ್ನರ ಆರಾಮ ಇರಲಿ ಬಿಡ್ರಿ.’

ಸಂಘಮಿತ್ರಾ ವಾದಕ್ಕೆ ಇಳಿಯಲಿಲ್ಲ. ಅವನನ್ನು ನೀರು ತರಲು ಕಳಿಸಿ, ಬಾಗಿಲು ಮುಂದೆ ಮಾಡಿ, ದಿನಕ್ಕೆ ಏನು ಉಣ್ಣುತ್ತೀರಿ ಎಂದು ಹನಮವ್ವನನ್ನು ಕೇಳಿದರು. ಮುಖ ಬತ್ತಿದ್ದು, ಸೀರೆ ಸೊಂಟದಲ್ಲಿ ನಿಲ್ಲದಿದ್ದದ್ದು ಅವರ ಕಣ್ಣಿಗೆ ಬಿದ್ದಿತ್ತು. ಹನಮವ್ವ ಮಗ ಬಂದನೇ ಎಂದು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

‘ಸಂಜೀಕ ಒಂದ ರೊಟ್ಟಿರಿ, ಬಾಯಾರ. ಮುಂಜಾನೆ ಉಂಡ್ರ ಸಂಡಾಸಕ್ಕ ಹೋಗಬೇಕಾಕ್ಕೈತಿ. ಅಲ್ಲಿ ಕುಂದ್ರಾಕ ಬರಂಗಿಲ್ಲ. ಗಂಡಮಗಗ ಇದನ್ನ ಹೆಂಗ ಹೇಳ್ಲಿ?’

ಮನೆಯ ಹಿಂದೆ ಸರಕಾರ ಕಟ್ಟಿಸಿಕೊಟ್ಟ ಶೌಚಾಲಯವಿದೆ, ನೆಲಮಟ್ಟದ್ದು. ಮನೆಯ ಒಳಗೆ ದಾನಿಗಳು ಕೊಟ್ಟ ಕುರ್ಚಿಯಿದೆ. ಎರಡರ ನಡುವೆ ಒಬ್ಬ ತಾಯಿ ಹೊಟ್ಟೆ ಕಟ್ಟಿಕೊಂಡು ಕೂತಿದ್ದಾಳೆ. ಕೊಟ್ಟವರೆಲ್ಲ ಕೊಟ್ಟೆವೆಂದು ಬೀಗಿದರು. ಕಾಲು ಮಡಚುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ಸಿಟ್ಟು ಬರುವುದಿಲ್ಲವೇ? ಸಂಘಮಿತ್ರಾ ಅವರಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಈ ಸಂಗತಿ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದರೆ ಹನಮವ್ವ ಗೋಣು ಆಡಿಸುತ್ತಾರೆ. ‘ಬರೀರಿ. ನಾಚಿಗಿ ಬರಬೇಕಾದ್ದು ನನಗಲ್ಲ.’

ತಾಯಿಯ ಒಪ್ಪಿಗೆ ಪಡೆದು ಸಂಘಮಿತ್ರಾ ಅದನ್ನು ಮಗನಿಗೆ ಹೇಳಿದರು. ರಾಜಾರಾಮ ನೇರ ಹಿತ್ತಲಿಗೆ ಹೋದ. ಬಿದ್ದ ಗೋಡೆಯ ಚಪ್ಪಟೆ ಕಲ್ಲುಗಳನ್ನು ಅವರು ಹೇಳಿದಂತೆ ಒಂದೊಂದಾಗಿ ಹೊತ್ತು ತಂದು ಪೇರಿಸಿದವನು ಅವನೇ. ಅಂದಿನಿಂದ ಇಲ್ಲಿ ಚಿಕಿತ್ಸೆ ಎಂದರೆ ಮೂರು: ಬಿಸಿನೀರಿನ ಟವೆಲ್ಲು, ಬೋರಲು ಮಲಗಿ ಪಾದಕ್ಕೆ ಕಟ್ಟಿದ ಸೀರೆಯ ಪಟ್ಟಿಯನ್ನು ತಾನೇ ಜಗ್ಗಿ ಕಾಲು ಮಡಚುವುದು, ಆಮೇಲೆ ಕಲ್ಲು. ನೋವಿಗೆ ಹನಮವ್ವ ತುಟಿ ಕಚ್ಚುತ್ತಾರೆ. ಸಂಘಮಿತ್ರಾ ಅದಕ್ಕೂ ಬಿಡುವುದಿಲ್ಲ. ‘ತುಟಿ ಕಡೀಬ್ಯಾಡ್ರಿ ಯವ್ವಾ. ಬಾಯಿಬಿಟ್ಟು ನನ್ನ ಬೈರಿ. ಆದ್ರ ಚೌಕಟ್ಟ ಬಿಡಬ್ಯಾಡ್ರಿ.’ ಹನಮವ್ವನ ಬೈಗುಳಗಳಲ್ಲಿ ಇಲ್ಲಿ ಅಚ್ಚು ಹಾಕಬಹುದಾದದ್ದು ಒಂದೂ ಇಲ್ಲ.

ಸಂಸ್ಥೆಯವರು ಕೆಲಸದ ಪುರಾವೆಗೆ ಫೋಟೊ ಕೇಳಿದಾಗ ಸಂಘಮಿತ್ರಾ ಈ ಕಲ್ಲುಗಳ ರಾಶಿಯ ಚಿತ್ರ ಕಳಿಸಿದ್ದರು. ಫಲಾನುಭವಿ ಎಲ್ಲಿ, ಕುರ್ಚಿ ಎಲ್ಲಿ ಎಂದು ಮರುಪ್ರಶ್ನೆ ಬಂತು. ಕೆಲವು ತಿಂಗಳಲ್ಲಿ ನೆರೆ ಪರಿಹಾರದ ಯೋಜನೆ ಮುಗಿದಿದೆ ಎಂದು ಅವರ ಹುದ್ದೆಯನ್ನೂ ಮುಗಿಸಿದರು. ಯೋಜನೆ ಮುಗಿದದ್ದು ಮೊಣಕಾಲುಗಳಿಗೆ ಗೊತ್ತಿರಲಿಲ್ಲ. ನಡುವೆ ಬಿಟ್ಟರೆ ಬಗ್ಗಿದ್ದೂ ಮತ್ತೆ ಬಿಗಿಯುತ್ತದೆ. ಹಾಗಾಗಿ ಅವರು ಮೊದಲ ಬಸ್ಸು ಹತ್ತುವುದನ್ನು ಬಿಡಲಿಲ್ಲ.

ತಿಕೋಟಾದ ಕಾಸಿಮಸಾಬರದೂ ಇಂಥದೇ ಕಥೆ. ಸೂರು ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಕುರ್ಚಿಯಲ್ಲೇ ನಮಾಜು ಮಾಡಿದರೆ ಸಲ್ಲುತ್ತದೆ ಎಂದು ಎಲ್ಲರೂ ಸಮಾಧಾನ ಹೇಳಿದರು. ಅವರಿಗೆ ಮಾತ್ರ ಹಣೆ ನೆಲಕ್ಕೆ ತಾಗಬೇಕು ಎಂಬುದೊಂದೇ ಆಸೆ. ಸಂಘಮಿತ್ರಾ ಅಲ್ಲಿ ಕಲ್ಲಿನ ಬದಲು ದಿಂಬುಗಳನ್ನು ಇಟ್ಟಿದ್ದಾರೆ. ಅವೂ ಒಂದೊಂದಾಗಿ ಇಳಿಯುತ್ತಿವೆ.

ಹಾಗಂತ ಅವರು ಕುರ್ಚಿಯ ವೈರಿಯಲ್ಲ. ಕಾಲೇ ಇಲ್ಲದವರಿಗೆ, ಬಗ್ಗುವುದು ಸಾಧ್ಯವೇ ಇಲ್ಲದವರಿಗೆ ಕುರ್ಚಿ ಬೇಕೇ ಬೇಕು, ಅವರ ಶೌಚಾಲಯವೂ ಅದಕ್ಕೆ ತಕ್ಕಂತಿರಬೇಕು ಎನ್ನುತ್ತಾರೆ. ನಿಮಗೇನು ಆಗಬೇಕು ಎಂದರೆ ಚೀಲದ ಪಟ್ಟಿಗಳನ್ನು ಸುತ್ತಿಡುತ್ತ ನಗುತ್ತಾರೆ. ‘ನನಗೇನ ಬ್ಯಾಡ್ರಿ. ಕುರ್ಚಿ ಹಂಚಾಕ ಬರೋರು, ಮದಲ ಒಂದ ದಿನ ಅದನ್ನ ತಗೊಳ್ಳೋರ ಮನಿಯಾಗ ನೆಲಕ್ಕ ಕುಂತು ನೋಡ್ಲಿ. ಅಷ್ಟ ಆದ್ರ ಸಾಕು.’

ಹೊರಗೆ ಈಗ ಬೆಳಕಾಗಿದೆ. ಟ್ರ್ಯಾಕ್ಟರ್ ಹೊರಡಿಸುವ ಮುನ್ನ ರಾಜಾರಾಮ ಒಲೆಯ ಬಳಿ ನಿಂತು ರೊಟ್ಟಿ ತಿನ್ನುತ್ತಿದ್ದಾನೆ. ಹನಮವ್ವ ಕಲ್ಲಿನ ಮೇಲೆ ಕೂತು ಎದ್ದು, ಮತ್ತೆ ಕೂತು ಎದ್ದು, ಒಮ್ಮೆ ನಿಟ್ಟುಸಿರು ಬಿಟ್ಟು ಆ ಕಲ್ಲನ್ನು ತಾವೇ ಕಾಲಿನಿಂದ ಸರಿಸುತ್ತಾರೆ. ಸಂಘಮಿತ್ರಾ ಬೇಡ ಎನ್ನುವುದಿಲ್ಲ. ಹಿಂದೆ ನಿಂತು ಎರಡೂ ಕೈಗಳನ್ನು ಅವರ ಸೊಂಟದ ಹತ್ತಿರ ಹಿಡಿಯುತ್ತಾರೆ, ಮುಟ್ಟುವುದಿಲ್ಲ. ಹನಮವ್ವ ಚೌಕಟ್ಟಿನ ಉದ್ದಕ್ಕೂ ಕೈ ಜಾರಿಸುತ್ತ ಇಳಿಯುತ್ತಾರೆ. ಕಲ್ಲು ಇದ್ದ ಮಟ್ಟಕ್ಕೆ ಬಂದು ನಿಲ್ಲುತ್ತಾರೆ. ಒಂದು ಬೈಗುಳ ಕೇಳುತ್ತದೆ. ಆಮೇಲೆ ಇನ್ನೂ ಕೆಳಗೆ ಇಳಿದು ಎರಡೂ ಹಿಮ್ಮಡಿ ನೆಲಕ್ಕೂರಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ.

ಇವತ್ತಿಗೆ ಇಷ್ಟು ಸಾಕು, ಏಳಿರಿ ಎಂದು ಸಂಘಮಿತ್ರಾ ಕೈ ಚಾಚುತ್ತಾರೆ. ಹನಮವ್ವ ಆ ಕೈ ಹಿಡಿಯುವುದಿಲ್ಲ.

‘ತಡೀರಿ ಬಾಯಾರ, ಇನ್ನೊಂದ ಸ್ವಲ್ಪ ಕುಂದರತೇನಿ.’ ಆಮೇಲೆ ಒಲೆಯ ಕಡೆ ತಿರುಗಿ ಮಗನನ್ನು ಕರೆಯುತ್ತಾರೆ. ‘ರಾಜಾರಾಮಾ, ನನಗೂ ಒಂದ ರೊಟ್ಟಿ ತಗೊಂಬಾರಪಾ.’