ಅಪ್ಪನ ಹೆಸರು ಗೊತ್ತಿಲ್ಲದ ಮಗು

ಪರಿಧಾವಿ ಸಂವತ್ಸರ, ಇಂಗ್ರೇಜಿಯವರ ಲೆಕ್ಕದಲ್ಲಿ ೧೭೯೨. ಶ್ರೀರಂಗಪಟ್ಟಣದ ಕೋಟೆಗೆ ಮುತ್ತಿಗೆ ಬಿದ್ದು, ಸಂಧಾನವಾಗಿ, ದಂಡುಗಳು ಹಿಂದಿರುಗಿದ್ದವು. ನಾನಾಗ ನಾಗಮಂಗಲದಲ್ಲಿ ಕೂಲಿಮಠ ನಡೆಸುತ್ತಿದ್ದೆ. ಅಂದರೆ ಊರವರು ಕೊಡುವ ರಾಗಿಗೆ ಪ್ರತಿಯಾಗಿ ಅವರ ಮಕ್ಕಳಿಗೆ ಮರಳ ಮೇಲೆ ಅಕ್ಷರ ತಿದ್ದಿಸುವ ಕೆಲಸ. ದಂಡು ಹಾದುಹೋದ ಮೇಲೆ ಊರಿನ ಬಹುಪಾಲು ಮನೆಗಳು ಪಾಳುಬಿದ್ದಿದ್ದವು. ಮಠಕ್ಕೆ ಬರುವ ಮಕ್ಕಳು ಬೆರಳೆಣಿಕೆಯಷ್ಟು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ವರ್ಷವಂತೂ ಕಂಡಕಂಡವರ ಮೇಲೆ ರೇಗುತ್ತಿದ್ದೆ.

ಒಂದು ಬೆಳಗ್ಗೆ ಛತ್ರದಲ್ಲಿ ಅಡುಗೆ ಮಾಡುವ ನಿಂಗವ್ವ ಒಂದು ಹೆಣ್ಣುಮಗುವನ್ನು ಕರೆತಂದಳು. ನಾಲ್ಕೈದು ವರ್ಷವಿರಬಹುದು. ಊರು ಬಿಟ್ಟು ಓಡಿದ ಜನರ ಗುಂಪಿನಲ್ಲಿ ಹೆತ್ತವರ ಕೈತಪ್ಪಿ, ಯಾರು ಯಾರ ಹಿಂದೆಯೋ ನಡೆದು ಇಲ್ಲಿಗೆ ಬಂದಿತ್ತು.

"ನಿನ್ನ ಹೆಸರೇನು ಮಗಳೆ?" ಎಂದೆ.

"ಪುಟ್ಟಿ."

"ಅಪ್ಪನ ಹೆಸರು?"

"ಅಪ್ಪ."

"ಯಾವೂರು?"

"ನಮ್ಮೂರು."

ಮಗುವನ್ನು ಬೈದು ಏನು ಪ್ರಯೋಜನ? ನಮ್ಮ ಕಡೆ ಹೆಂಡತಿ ಗಂಡನ ಹೆಸರು ಎತ್ತುವುದಿಲ್ಲ. ಮಕ್ಕಳು ಅಪ್ಪನ ಹೆಸರು ಹೇಳಿದರೆ ಬಾಯಿಗೆ ಏಟು ಬೀಳುತ್ತದೆ. ಊರು ಬಿಟ್ಟು ಆಚೆ ಹೋಗದ ಮಗುವಿಗೆ ಊರಿನ ಹೆಸರೂ ಬೇಕಾಗಿರುವುದಿಲ್ಲ.

ಛತ್ರದಲ್ಲಿ ಸಿರಾ ಕಡೆಯ ಬಟ್ಟೆ ವ್ಯಾಪಾರಿ ದಂಪತಿ ತಂಗಿದ್ದರು. ಮಕ್ಕಳಿಲ್ಲದ ಒಳ್ಳೆಯ ಜನ. ಬಟ್ಟೆಯ ಮೂಟೆ ಹೊರುವ ಅವರ ಹೇರೆತ್ತಿನ ಗೊರಸಿಗೆ ಗಾಯವಾಗಿತ್ತು. ಅದು ವಾಸಿಯಾದೊಡನೆ ಹೊರಡುವವರು. ಮಗುವನ್ನು ನಾವೇ ಸಾಕುತ್ತೇವೆ ಎಂದು ಕೇಳಿದರು. ಊರಗೌಡ ನನ್ನ ಹತ್ತಿರ ಬಂದು ಹೇಳಿದ:

"ಛತ್ರದ ರಾಗಿ ಮುಗೀತಾ ಬಂತು ಅಯ್ನೋರೆ. ಅವ್ರ ಎತ್ತು ವಾಸಿ ಆಗಗಂಟ ನೋಡಿ. ಅಷ್ಟ್ರೊಳಗೆ ಅಪ್ಪ ಅವ್ವ ಸಿಕ್ನಿಲ್ಲ ಅಂದ್ರೆ ಮಗೀನ ಅವ್ರ ಜೊತೇಲಿ ಕಳುಸ್ಬುಡ್ತೀನಿ."

ಅವನದೂ ತಪ್ಪಲ್ಲ. ಆದರೆ ಮಗು ಸಿರಾ ದಾಟಿತೆಂದರೆ ಮುಗಿಯಿತು. ಎಲ್ಲೋ ಒಬ್ಬ ತಾಯಿ ಹುಡುಕುತ್ತಲೇ ಸಾಯುತ್ತಾಳೆ.

ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಮಗುವನ್ನು ಮರಳ ಮುಂದೆ ಕೂರಿಸಿ ಅ, ಆ ಬರೆಸಹೊರಟೆ. ಅದು ಅಂಗೈಯಿಂದ ಎಲ್ಲವನ್ನೂ ಒರೆಸಿಹಾಕಿ ಬೀದಿಯ ಕಡೆ ನೋಡುತ್ತ ಕುಳಿತಿತು. ಬೀದಿಯಲ್ಲಿ ಕುಂಬಾರನೊಬ್ಬ ಮಡಕೆ ಹೊತ್ತು ಹೋಗುತ್ತಿದ್ದ. ಮಗು ಬೆರಳು ತೋರಿಸಿ "ಅದು, ಅದು" ಅಂದಿತು. ಹೇಳಲು ಮಾತಿರಲಿಲ್ಲ, ಹೇಳುವುದು ಮಾತ್ರ ಏನೋ ಇತ್ತು.

ಸರಿ, ಏಳಿ ಎಲ್ಲ ಎಂದೆ. ಮಠದ ಸಣ್ಣ ಮಕ್ಕಳನ್ನೂ ಪುಟ್ಟಿಯನ್ನೂ ಕರೆದುಕೊಂಡು ಕುಂಬಾರರ ಬೀದಿಗೆ ಹೋದೆ. ಕುಂಬಾರ ತಿರುಗಿಸುವ ಚಕ್ರ ತಿಗರಿ, ಮಡಕೆ ಸುಡುವ ಗೂಡು ಆವಿಗೆ ಎಂದು ಅವನ ಬಾಯಲ್ಲೇ ಹೇಳಿಸಿದೆ. ಮಕ್ಕಳು ಮುಟ್ಟಿ ನೋಡಿ, ಕೂಗಿ ಹೇಳಿದವು. ಆಮೇಲೆ ಒಂದೊಂದೇ ಮಗುವನ್ನು ಕೇಳುವುದು: "ನಿಮ್ಮ ಮನೆ ಹತ್ತಿರ ಇಂಥದ್ದು ಇದೆಯಾ? ಎಲ್ಲಿದೆ?" ಮರುದಿನ ಕಮ್ಮಾರನ ಕುಲುಮೆ, ಅದರ ಮರುದಿನ ಎಣ್ಣೆ ಗಾಣ.

ಒಬ್ಬ ತಂದೆ ಜಗಳಕ್ಕೇ ಬಂದ. "ಅಕ್ಸರ ಕಲ್ಸಿ ಅಂತ ರಾಗಿ ಕೊಟ್ರೆ ಮಕ್ಳ ಕಟ್ಕೊಂಡು ಬೀದಿ ಅಲಿತಿದ್ದೀರಲ್ಲ, ಸರೀನಾ?"

"ನಿನ್ನ ರಾಗಿ ಅಲ್ಲೇ ಮೂಲೆಯಲ್ಲಿದೆ, ಹೊತ್ಕೊಂಡು ಹೋಗು!" ಎಂದು ಗದರಿಬಿಟ್ಟೆ. ಅವನೇನೂ ಹೊತ್ತುಕೊಂಡು ಹೋಗಲಿಲ್ಲ.

ಗಾಣದ ಮುಂದೆ ಪುಟ್ಟಿ ತಲೆಯಾಡಿಸಿದಳು. "ನಮ್ಮೂರ್ದು ಇಂಗಿಲ್ಲ. ಕಬ್ಬು ಆಕಿದ್ರೆ ಆಲು ಬತ್ತದೆ." ಅಂದರೆ ಕಬ್ಬಿನ ಹಾಲು ತೆಗೆಯುವ ಗಾಣ. ಕೆರೆಯ ಏರಿಯ ಮೇಲೆ ನಿಂತು, ನೀರು ಬಿಡುವ ತೂಬನ್ನು ತೋರಿಸಿದಾಗ ಇನ್ನೊಂದು ಮಾತು ಬಂತು: "ತೂಬು ಅದೆ. ಆದ್ರೆ ನಮ್ಮೂರ್ ನೀರು ನಿಲ್ಲಾಕಿಲ್ಲ, ಓಡ್ತಾನೆ ಇರ್ತದೆ."

ನಮ್ಮದು ಕೆರೆಯ ಸೀಮೆ. ಓಡುವ ನೀರೆಂದರೆ ಕಾಲುವೆ, ಕಾಲುವೆಯೆಂದರೆ ತೆಂಕಲು. ಬಡಗಿಯ ಮನೆಗೆ ಹೋದಾಗ ಮಗು ಓಡಿಹೋಗಿ ಮರ ಕೆತ್ತುವ ಬಾಚಿಯನ್ನು ಎರಡೂ ಕೈಯಲ್ಲಿ ಹಿಡಿದು, "ಬಾಚಿ! ನಮ್ಮಪ್ಪನ ತಾವ ಅದೆ" ಎಂದು ಅಳತೊಡಗಿತು. ಬಡಗಿಯೇ ಸಮಾಧಾನ ಮಾಡಿದ. ಕಾಲುವೆ ಅತ್ತಿಕುಪ್ಪೆಯ ಕಡೆಯೂ ಉಂಟು, ಆದರೆ ಕಬ್ಬಿನ ಗಾಣ ಕೆತ್ತುವವರು ಹೆಚ್ಚಾಗಿ ಇರುವುದು ಶ್ರೀರಂಗಪಟ್ಟಣದ ಹತ್ತಿರದ ಹಿರೋಡೆಯ ಸುತ್ತ ಎಂದ.

ಅಷ್ಟರಲ್ಲಿ ವ್ಯಾಪಾರಿಯ ಎತ್ತು ನೆಟ್ಟಗೆ ಹೆಜ್ಜೆ ಇಡತೊಡಗಿತ್ತು. ಗೌಡನಿಗೆ ಹೇಳಿ, ನಿಂಗವ್ವನನ್ನೂ ಮಗುವನ್ನೂ ಕರೆದುಕೊಂಡು ಉಪ್ಪಿನ ಗಾಡಿಯೊಂದರಲ್ಲಿ ಹೊರಟೆ.

ಹಿರೋಡೆಯ ಕಾಲುವೆಯಲ್ಲಿ ತೊಟ್ಟು ನೀರಿರಲಿಲ್ಲ. ಯುದ್ಧದಲ್ಲಿ ಏರಿ ಒಡೆದಿತ್ತು. ಆಳುಗಳು ಮಣ್ಣು ಹೊತ್ತು ಮುಚ್ಚುತ್ತಿದ್ದರು. ಪುಟ್ಟಿ ಒಣಗಿದ ಕಾಲುವೆಯನ್ನು ನೋಡಿ "ನಮ್ಮೂರಲ್ಲ" ಎಂದು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟಳು.

ನಿಂಗವ್ವ ಪಕ್ಕದಲ್ಲಿ ಕುಳಿತು ಕೇಳಿದಳು: "ನೀರು ಓಗ್ಲಿ ಬುಡು ನನ್ನವ್ವ. ನಿಮ್ಮನೆ ಎದ್ರಿಗೆ ಏನದೆ, ಯೋಳು."

ಮಗು ಯೋಚಿಸಿತು. ಆಮೇಲೆ ಸ್ಪಷ್ಟವಾಗಿ ಹೇಳಿತು: "ಎದ್ರಿಗೆ ಕುಂಬಾರ್ರಜ್ಜಿ ಮನೆ. ಅಜ್ಜಿ ಮನೆ ಇಂದ್ಗಡೆ ಆವಿಗೆ. ನಮ್ಮನೆ ತೂಬಿನ ಪಕ್ಕ."

ಮಣ್ಣು ಹೊರುತ್ತಿದ್ದ ಮುದುಕನೊಬ್ಬ ಮಂಕರಿ ಕೆಳಗಿಟ್ಟ. "ತೂಬಿನ ಪಕ್ಕದ ಆಚಾರಿ ಮನೆ ಮಗ್ಳಾ ನೀನು? ಅದು ಕೆಳಗ್ಲೂರು ಕಣ್ರೀ. ಅಗೋ, ಆ ಮರದ ಆಚ್ಗೆ."

ಊರಿನಲ್ಲಿ ಅರ್ಧ ಮನೆಗಳಿಗೆ ಸೂರಿರಲಿಲ್ಲ. ತೂಬಿನ ಪಕ್ಕದ ಮನೆಯಿಂದ ಹೆಂಗಸೊಬ್ಬಳು ಹೊರಗೆ ಬಂದಳು. ಹಣೆ, ಕೈ ಎರಡೂ ಬರಿದು. ಮಗುವನ್ನು ಕಂಡವಳು ಹತ್ತಿರ ಬಂದು ಅದರ ತಲೆ, ಕಿವಿ, ಬೆರಳು, ಪಾದ ಎಲ್ಲವನ್ನೂ ಮುಟ್ಟಿ ನೋಡಿದಳು. ಆಮೇಲೆ ಎದೆಗವುಚಿಕೊಂಡು ಅತ್ತಳು. ಗಂಡನನ್ನು ಕೋಟೆಯ ಬಾಗಿಲ ಕೆಲಸಕ್ಕೆ ಕರೆದೊಯ್ದಿದ್ದರಂತೆ. ಹಿಂದಿರುಗಲಿಲ್ಲ.

"ಅಪ್ಪ ಎಲ್ಲವ್ವ?" ಎಂದಿತು ಮಗು.

ತಾಯಿ ನನ್ನ ಮುಖ ನೋಡಿದಳು. "ತಾಯಿ, ಪದ್ಧತಿ ಹಾಗಿರಲಿ. ಮಗುವಿಗೆ ಅವರ ಹೆಸರು ಹೇಳಿಕೊಡಿ," ಎಂದೆ.

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಆಮೇಲೆ ಬಾಗಿ ಮಗಳ ಕಿವಿಯಲ್ಲಿ ಏನೋ ಉಸುರಿದಳು. ಗಂಡನ ಹೆಸರೆತ್ತಿದ್ದು ಬದುಕಿನಲ್ಲಿ ಮೊದಲ ಸಲ ಇರಬೇಕು. ಪುಟ್ಟಿ ಕಲಿತ ಅಭ್ಯಾಸದಂತೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು: "ಕೆಂಚಾಚಾರಿ! ನಮ್ಮಪ್ಪ ಕೆಂಚಾಚಾರಿ!"

ಅಂದಿನಿಂದ ನನ್ನ ಮಠಕ್ಕೆ ಸೇರಿದ ಮಗು ಮರಳು ಮುಟ್ಟುವ ಮೊದಲು ಬೀದಿ ಸುತ್ತಬೇಕು; ಅಪ್ಪ ಅವ್ವನ ಹೆಸರು, ಊರು, ಕುಡಿಯುವ ನೀರು, ಎದುರು ಮನೆಯವರ ಕಸುಬು ಬಾಯಿಬಿಟ್ಟು ಹೇಳಬೇಕು. ಅಯ್ನೋರು ಮಕ್ಕಳ ಬಾಯಿ ಕೆಡಿಸಿದರು ಎಂದು ಬೈದವರುಂಟು. ಏಳು ವರ್ಷದ ಮೇಲೆ ಶ್ರೀರಂಗಪಟ್ಟಣಕ್ಕೆ ಮತ್ತೆ ದಂಡು ಬಂತು, ಮತ್ತೆ ಜನ ಊರು ಬಿಟ್ಟು ಓಡಿದರು. ನನ್ನ ಮಠದ ಮಕ್ಕಳೂ ಚದುರಿಹೋದವು. ಎಲ್ಲವೂ ಹಿಂದಿರುಗಲಿಲ್ಲ. ಹಿಂದಿರುಗಿದವು ದಾರಿಯಲ್ಲಿ ಕೇಳಿದವರಿಗೆಲ್ಲ ಅಪ್ಪನ ಹೆಸರು ಹೇಳಿಕೊಂಡು ಬಂದವು.