ಮೊದಲ ಪಂಕ್ತಿಯಲ್ಲಿ ಕೂತ ನನ್ನ ಪುಸ್ತಕ

ಗೆಳತಿಯರೇ, ಎರಡು ಲೋಟ ಮಜ್ಜಿಗೆ ಕುಡಿದರೂ ಹೊಟ್ಟೆಯುರಿ ಆರುತ್ತಿಲ್ಲ. ಕಲ್ಯಾಣದುರ್ಗದ ಅತ್ತೆಮನೆಯಲ್ಲಿ ಹಬ್ಬದೂಟ ಮುಗಿಸಿ ಈಗಷ್ಟೇ ಹಿಂದೂಪುರಕ್ಕೆ ಬಂದೆ.

ನನ್ನ ಹತ್ತಿರ ಅಮೆರಿಕದ ಲೇಖಕಿಯರ ಒಂದು ಪ್ರಬಂಧ ಸಂಕಲನದ ಕನ್ನಡ ಅನುವಾದವಿದೆ. ಜಾಹೀರಾತಿನಿಂದ ಅಡುಗೆಮನೆಯವರೆಗೆ ಅಲ್ಲಿ ಹೆಂಗಸರನ್ನು ಹೇಗೆ ಕೀಳಾಗಿ ಕಾಣುತ್ತಾರೆ ಎಂಬುದೇ ಅದರ ವಿಷಯ. ಎರಡು ಸಲ ಓದಿ, ಪುಟಪುಟಕ್ಕೂ ಕೆಂಪು ಗೀಟು ಎಳೆದಿದ್ದೆ. ಹೋದ ತಿಂಗಳು ನನ್ನ ವಾರಗಿತ್ತಿ ಶಾರದ ಕೇಳಿದಳು. ಇವಳಿಗೇನು ಅರ್ಥವಾದೀತು ಎಂದುಕೊಂಡೇ ಕೊಟ್ಟೆ.

ನಮ್ಮ ಮನೆಯಲ್ಲಿ ಮೊದಲ ಪಂಕ್ತಿ ಗಂಡಸರದು. ಸೊಸೆಯರು ಬಡಿಸಿ, ಕೊನೆಗೆ ಉಣ್ಣಬೇಕು. ಇವತ್ತು ಶಾರದ ಮಾವನ ಪಕ್ಕದಲ್ಲೇ ಎಲೆ ಹಾಕಿಕೊಂಡು ಕೂತುಬಿಟ್ಟಳು. ನಾನು ಸಾರಿನ ಬಕೆಟ್ ಹಿಡಿದು ನಿಂತಲ್ಲೇ ನಿಂತೆ.

"ಏನಮ್ಮಾ, ಈಗ್ಲೇ ಕುಂತ್ಕಂಡೆ?" ಎಂದರು ಮಾವ.

"ಹಸಿವಾಗೈತೆ ಮಾವ."

ಮಾವ ತಮ್ಮ ಎಲೆಯನ್ನು ಕೊಂಚ ಸರಿಸಿಕೊಂಡರು. "ಪರವಾಲೇದು, ಉಣ್ಣಮ್ಮ. ಪದ್ಮಾ, ಇವ್ಳಿಗೂ ಸಾರು ಹಾಕಮ್ಮ."

ಪದ್ಮ ಅಂದರೆ ನಾನು. ಮಾವನ ಮುಂದಿಡಲು ವರ್ಷಗಟ್ಟಲೆ ವಾದ ಜೋಡಿಸಿಟ್ಟಿದ್ದೆ. ಅದರಲ್ಲೆಲ್ಲೂ ಹಸಿವು ಇರಲಿಲ್ಲ.

ಬಗ್ಗಿ ಸಾರು ಬಡಿಸುವಾಗ ಶಾರದ ಮೆಲ್ಲಗೆ ಹೇಳಿದಳು: "ನೀನು ಗೀಟು ಎಳ್ದಿದ್ದಷ್ಟೇ ಓದ್ದೆ ಕಣಕ್ಕ. ಎಲ್ಲಾ ಓದಾಕೆ ಪುರುಸೊತ್ತೆಲ್ಲೈತೆ? ಇಂಥದ್ದು ಇನ್ನೊಂದಿದ್ರೆ ಕೊಡು."

ಇನ್ನು ಮೇಲೆ ನನ್ನ ಪುಸ್ತಕ ಯಾರಿಗೂ ಕೊಡುವುದಿಲ್ಲ. ಓದಿಬಿಡುತ್ತಾರೆ.