ಹೊಲಿಗೆ ಬಿಚ್ಚದ ಜೇಬು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ನಾನು ನಂಬುವವನಲ್ಲ. ಮನೆಗೊಂದು ಅಡಿಗೆ ತಂದು ಸೇರುವ ಪಾಟ್‌ಲಕ್ ಊಟಗಳಲ್ಲಿ ಯಾರಾದರೂ ದೆವ್ವದ ಮಾತು ತೆಗೆದರೆ ನಾಲ್ಕು ಪ್ರಶ್ನೆ ಕೇಳಿ ಬಾಯಿ ಮುಚ್ಚಿಸುವುದು ನನ್ನ ಹಳೆಯ ಚಾಳಿ. ಸೌತ್‌ಫೀಲ್ಡ್‌ನಲ್ಲಿ ಕಾರಿನ ಬ್ರೇಕ್ ಪರೀಕ್ಷಿಸುವ ಎಂಜಿನಿಯರ್ ನಾನು. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂಬ ನಂಬಿಕೆಯಿಂದಲೇ ನನ್ನ ಹೊಟ್ಟೆ ತುಂಬುತ್ತದೆ. ಇವತ್ತಿಗೂ ಹಾಗೇ ಅಂದುಕೊಂಡಿದ್ದೇನೆ. ಆದರೆ ಒಂದು ಭಾನುವಾರ ಮಾತ್ರ ಬಗೆಹರಿಯದೆ ಉಳಿದಿದೆ.

ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಮ್ಮ ಪಕ್ಕದ ಮನೆಯವರು ಹ್ಯಾರಿ, ಎಂಬತ್ತು ದಾಟಿದ ಯಹೂದಿ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸಿ ಮುಗಿದ ಮೇಲೆ ಇಬ್ಬರೂ ಬೇಲಿಯ ಹತ್ತಿರ ಹರಟೆಗೆ ನಿಲ್ಲುತ್ತಿದ್ದೆವು. ಗದಗ ಕಡೆಯ ಲಿಂಗಾಯತರಾದ ನಾವೂ ಹೂಳುವವರೇ, ಅದೂ ಕೂರಿಸಿ ಹೂಳುವವರು ಎಂದು ಕೇಳಿ ಅವರಿಗೆ ಪರಮಾಶ್ಚರ್ಯವಾಯಿತು. ಅವರೂ ತಮ್ಮದನ್ನು ಹೇಳಿದರು. ಬಹಳ ಹಿಂದೆ ಅವರ ಹಿರಿಯರು ಬಂಡೆ ಕೊರೆದ ಗುಹೆಯಲ್ಲಿ ಶವವನ್ನು ಮಲಗಿಸಿ, ವರ್ಷದ ಮೇಲೆ ಎಲುಬು ಆಯ್ದು ಕಲ್ಲಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರಂತೆ. ಗುಹೆ ಹೋಯಿತು, ಉಳಿದದ್ದು ಹೋಗಲಿಲ್ಲ. ಶವಕ್ಕೆ ಸ್ನಾನ ಮಾಡಿಸುತ್ತಾರೆ, ಬಡವ ಬಲ್ಲಿದ ಎನ್ನದೆ ಒಂದೇ ತರಹದ ಬಿಳಿ ಬಟ್ಟೆ ತೊಡಿಸುತ್ತಾರೆ, ತಡಮಾಡದೆ ಹೂಳುತ್ತಾರೆ. ಆ ಬಟ್ಟೆಗೆ ಜೇಬು ಇರುವುದಿಲ್ಲ.

ಸತ್ತವರನ್ನು ಹೂಳುವಾಗ ಹೋಗುವುದನ್ನು ನಮ್ಮ ಕಡೆ ‘ಮಣ್ಣಿಗೆ ಹೋಗೋದು’ ಅನ್ನುತ್ತೇವೆ ಎಂದೆ. ಆ ಮಾತು ಅವರಿಗೆ ಎಷ್ಟು ಹಿಡಿಸಿತೆಂದರೆ, ಮರುದಿನ ಅಂಗೈಯಗಲದ ಒಂದು ಬಟ್ಟೆಯ ಚೀಲ ತಂದು ಕೊಟ್ಟರು. ಒಳಗೆ ಜೆರುಸಲೇಮಿನ ಮಣ್ಣು. ಪರದೇಶದಲ್ಲಿ ಸತ್ತವರ ಜೊತೆ ಆ ಮಣ್ಣು ಇಡುವುದು ಅವರ ಹಳೆಯ ಪದ್ಧತಿ. ಮಗನಿಗೆ ಇದರಲ್ಲೆಲ್ಲ ಶ್ರದ್ಧೆಯಿಲ್ಲ, ಮನೆ ಖಾಲಿ ಮಾಡುವಾಗ ಕಸದ ಜೊತೆ ಎಸೆಯುತ್ತಾನೆ ಎಂಬುದು ಅವರ ಭಯ.

“ನನ್ನ ಬಟ್ಟೆಗೆ ಜೇಬಿರೋದಿಲ್ಲ. ನಿನ್ನ ಜೇಬಲ್ಲಿ ತಗೊಂಡು ಬಾ,” ಎಂದರು ಇಂಗ್ಲಿಷಿನಲ್ಲಿ. ಆಮೇಲೆ ತಡವರಿಸುತ್ತ ಕನ್ನಡದಲ್ಲೇ, “ಮಣ್ಣಿಗೆ ಬಾ,” ಎಂದರು.

ಬರುತ್ತೇನೆ ಎಂದು ಮಾತು ಕೊಟ್ಟೆ. ಬಟ್ಟೆ ಇಡುವ ಕ್ಲಾಸೆಟ್ಟಿನಲ್ಲಿ ಮಾಡಿಕೊಂಡ ನಮ್ಮ ದೇವರ ಮನೆಯಲ್ಲಿ, ವಿಭೂತಿ ಗಟ್ಟಿಯ ಪಕ್ಕ ಚೀಲವನ್ನಿಟ್ಟೆ.

ಎರಡು ವರ್ಷ ಕಳೆಯಿತು. ಆ ಭಾನುವಾರ ನಾಲ್ಕೈದು ಗಂಟೆ ದಾರಿಯ ನೇಪರ್‌ವಿಲ್‌ನಲ್ಲಿ ನನ್ನ ತಂಗಿಯ ಮಗಳ ನಿಶ್ಚಿತಾರ್ಥ. ಬೆಳಿಗ್ಗೆ ಎಂಟಕ್ಕೆ ನಾನೂ ಹೆಂಡತಿ ಶೈಲಾನೂ ಹೊರಟೆವು. ಹೊಸದಾಗಿ ಕೊಂಡ ಕೋಟು ಪ್ಲಾಸ್ಟಿಕ್ ಹೊದಿಕೆಯ ಸಮೇತ ಹಿಂದಿನ ಸೀಟಿನ ಪಕ್ಕ ನೇತಾಡುತ್ತಿತ್ತು. ಬ್ಯಾಟಲ್ ಕ್ರೀಕ್ ಹತ್ತಿರದ ರೆಸ್ಟ್ ಏರಿಯಾದಲ್ಲಿ ಇಳಿದಾಗ ಚಳಿ ಎನಿಸಿ, ಹೊದಿಕೆ ಹರಿದು ಅದನ್ನೇ ಹಾಕಿಕೊಂಡೆ. ಬಲಗಡೆಯ ಜೇಬಿನಲ್ಲಿ ಏನೋ ಗಂಟು ಇತ್ತು. ಕೈ ಹಾಕಲು ಹೋದರೆ ಹೋಗಲಿಲ್ಲ. ಹೊಸ ಕೋಟಿನ ಜೇಬುಗಳನ್ನು ಹೊಲಿದೇ ಮಾರುತ್ತಾರೆ, ನಿಮಗೂ ಗೊತ್ತಿರಬಹುದು. ಕಾರಿನ ಕೀಲಿಯಿಂದ ದಾರ ಹರಿದೆ. ಒಳಗಿದ್ದದ್ದು ಹ್ಯಾರಿಯ ಚೀಲ.

ನನಗೆ ಮೊದಲು ಬಂದದ್ದು ಸಿಟ್ಟು. ಇದೆಂಥ ತಮಾಷೆ ಎಂದು ಶೈಲಾಳನ್ನು ಗದರಿದೆ. ಅವಳ ಮುಖ ಬಿಳಿಚಿಕೊಂಡಿತ್ತು.

“ನಾನ್ಯಾಕ್ರೀ ಮುಟ್ಲಿ ಅದನ್ನ? ಬೆಳಿಗ್ಗೆ ದೀಪ ಹಚ್ಚುವಾಗ ಅಲ್ಲೇ ಇತ್ತು, ಕಣ್ಣಾರೆ ನೋಡಿದೀನಿ.”

ಹ್ಯಾರಿಗೆ ಫೋನ್ ಮಾಡಿದೆ. ಎತ್ತಿದ್ದು ಮಗ. ಅಪ್ಪ ನಿನ್ನೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು, ಇವತ್ತು ಹನ್ನೆರಡಕ್ಕೆ ಹೂಳುತ್ತೇವೆ, ಅಕ್ಕಪಕ್ಕದವರಿಗೆ ತಿಳಿಸಲು ಪುರುಸೊತ್ತಾಗಲಿಲ್ಲ ಎಂದ. ಅವರು ಆಸ್ಪತ್ರೆ ಸೇರಿದ್ದೇ ನಮಗೆ ಗೊತ್ತಿರಲಿಲ್ಲ. ಆಗ ಗಂಟೆ ಹತ್ತು.

ಮುಂದಿನ ಎಕ್ಸಿಟ್‌ನಲ್ಲಿ ಗಾಡಿ ತಿರುಗಿಸಿದೆ. ತಂಗಿ ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈದಳು, ಬೈಸಿಕೊಂಡೆ. ಸ್ಮಶಾನ ಮುಟ್ಟುವಷ್ಟರಲ್ಲಿ ಹನ್ನೆರಡೂ ಹತ್ತು. ಮರದ ಪೆಟ್ಟಿಗೆಯನ್ನು ಆಗಲೇ ಗುಂಡಿಗೆ ಇಳಿಸಿದ್ದರು. ಅವರ ಧರ್ಮಗುರುವಿಗೆ ಚೀಲ ತೋರಿಸಿ ವಿಷಯ ಹೇಳಿದೆ. ಇನ್ನು ಪೆಟ್ಟಿಗೆ ತೆರೆಯುವಂತಿಲ್ಲ, ಮೇಲೆಯೇ ಹಾಕಿಬಿಡು ಎಂದರು ಅವರು. ಚೀಲ ಬಿಚ್ಚಿ ಸುರಿದೆ. ಆಮೇಲೆ ಮಗ ಮಣ್ಣು ಹಾಕಿ ಸಲಿಕೆಯನ್ನು ನನ್ನ ಕೈಗೆ ಕೊಡದೆ ನೆಲಕ್ಕೆ ಚುಚ್ಚಿ ಬಿಟ್ಟ; ದುಃಖ ಕೈಯಿಂದ ಕೈಗೆ ದಾಟಬಾರದಂತೆ. ನಮ್ಮಲ್ಲಿ ಉಪ್ಪನ್ನು ಕೈಗೆ ಕೊಡುವುದಿಲ್ಲವಲ್ಲ, ಹಾಗೆ. ಸಲಿಕೆ ಎತ್ತಿಕೊಂಡು ನಾನೂ ಮಣ್ಣು ಹಾಕಿದೆ. “ಬಂದೀನ್ರಿ ಹ್ಯಾರಿ,” ಎಂದೆ.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಮನೆಗೆ ಬಂದು ನೋಡಿದರೆ ವಿಭೂತಿಯ ಪಕ್ಕ ಏನೂ ಇರಲಿಲ್ಲ. ಕೋಟು ಕೊಂಡ ಅಂಗಡಿಗೆ ಹೋಗಿ ಅಂಥದೇ ಇನ್ನೊಂದರ ಜೇಬನ್ನು ಎಳೆದು ನೋಡಿದೆ. ಆ ಹೊಲಿಗೆಯ ಸಂದಿಯಲ್ಲಿ ಕಿರುಬೆರಳೂ ತೂರುವುದಿಲ್ಲ. ಶೈಲಾಳನ್ನು ಹತ್ತು ಸಲ ಕೇಳಿದ್ದೇನೆ, ಹತ್ತು ಸಲವೂ ಅದೇ ಉತ್ತರ. ದೆವ್ವ ಎಂದು ನಾನು ಈಗಲೂ ಹೇಳುವುದಿಲ್ಲ. ಏನು ಎಂದು ಹೇಳಲೂ ಬರುವುದಿಲ್ಲ.

ಕೊಟ್ಟ ಮಾತು ಉಳಿಯಿತು, ಅದೊಂದು ಸಮಾಧಾನ. ಆ ಕೋಟನ್ನು ಈಗಲೂ ಹಾಕುತ್ತೇನೆ. ಎಡಗಡೆಯ ಜೇಬಿನ ಹೊಲಿಗೆ ಬಿಚ್ಚೋಣ ಎಂದು ಶೈಲಾ ಎಷ್ಟೋ ಸಲ ಕತ್ತರಿ ತಂದಿದ್ದಾಳೆ, ನಾನೇ ಬೇಡ ಎಂದಿದ್ದೇನೆ. ಊರು ಬಿಟ್ಟು ಹೊರಡುವ ಮುಂಚೆ ಆ ಜೇಬನ್ನು ಹೊರಗಿನಿಂದ ಒಮ್ಮೆ ಮುಟ್ಟಿ, ಒಳಗೆ ಗಂಟೇನಾದರೂ ಇದೆಯೇ ಎಂದು ನೋಡಿಕೊಳ್ಳುತ್ತೇನೆ.